ತಳ ಹಿಡಿದ ಬಿಯರ್

ಜನವರಿ ಕೊನೆಯ ಶನಿವಾರ ರಾತ್ರಿ ಭಾವ ಸಾಗರದ ಹತ್ತಿರದ ನಮ್ಮ ಹಳ್ಳಿ ಮನೆಗೆ ಬಂದಿಳಿದಾಗ ಅವನ ಕೈಯಲ್ಲಿ ಎರಡು ಲೀಟರಿನ ಸ್ಟೀಲ್ ಬಾಟಲಿ ಇತ್ತು. ದೊಡ್ಡಮ್ಮ ಅದನ್ನು ಹಾಲಿನ ಕ್ಯಾನು ಅಂದುಕೊಂಡು ಕೈ ಚಾಚಿದರು. ಭಾವ ಗಾಬರಿಯಾಗಿ ಬೆನ್ನ ಹಿಂದೆ ಹಿಡಿದು, "ಅಲ್ಲ ಅತ್ತೆ, ಇದು ಹಾಲಲ್ಲ, ಬೇರೆ" ಅಂದ. ದೊಡ್ಡಮ್ಮ ಒಂದು ಸಲ ಅವನ ಮುಖ ನೋಡಿದರು. "ಹಾಗಾದ್ರೆ ಒಳಗೆ ತರ್ಬೇಡ, ಬಾವಿಕಟ್ಟೆ ಮೇಲೆ ಇಡು" ಅಂದು ಅಡುಗೆಮನೆಗೆ ಹೋದರು. ಅಷ್ಟೇ. ಜಗಳ ಇಲ್ಲ, ಬುದ್ಧಿಮಾತಿಲ್ಲ. ನಿಜ ಹೇಳಬೇಕೆಂದರೆ ಆ ಬಿಯರಿಗೆ ಬಾವಿಕಟ್ಟೆಯಷ್ಟು ಒಳ್ಳೆ ಜಾಗ ಇಡೀ ಮನೆಯಲ್ಲಿ ಇನ್ನೊಂದಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಟಲಿಯಲ್ಲಿ ಇದ್ದದ್ದು ಬೆಂಗಳೂರಿನ ಒಂದು ಬ್ರೂ ಪಬ್‌ನ ಸ್ಕಾಟಿಷ್ ಏಲ್, ಸ್ಕಾಟ್ಲೆಂಡಿನ ಥರದ ಒಂದು ಬಿಯರ್. ಬ್ರೂ ಪಬ್ ಅಂದರೆ ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಗ್ಲಾಸಿಗೆ ಸುರಿದು ಮಾರುವ ಜಾಗ. ಹೆಸರು ಹೇಳುವುದಿಲ್ಲ, ಯಾಕಂದರೆ ಮುಂದೆ ಸ್ವಲ್ಪ ದೂರೂ ಇದೆ. ಅಲ್ಲಿ ಬಿಯರ್ ಮಾಡುವ ಹುಡುಗ ಭಾವನಿಗೆ ಪರಿಚಯ. ಬಾಟಲಿಗೆ ಒಂದು ಚೀಟಿ ಅಂಟಿಸಿ ಕಳಿಸಿದ್ದ: ಸ್ಕಾಟಿಷ್ ಏಲ್, ಆಲ್ಕೋಹಾಲ್ 5.2%. ಕೆಳಗೆ ಪೆನ್ನಿನಲ್ಲಿ "ಎಡಿನ್‌ಬರೋ ಅಣ್ಣನಿಗೆ, ನಿಜ ಹೇಳಿ" ಅಂತ ಬರೆದಿದ್ದ.

ಎಡಿನ್‌ಬರೋ ಅಣ್ಣ ಅಂದರೆ ನಾನು. 2016ರಲ್ಲಿ ಕಂಪನಿ ಕೆಲಸದ ಮೇಲೆ ಎಂಟು ತಿಂಗಳು ಸ್ಕಾಟ್ಲೆಂಡಿನ ಆ ಊರಿನಲ್ಲಿದ್ದೆ. ಈಗ ಶಿವಮೊಗ್ಗಕ್ಕೆ ವಾಪಸ್ ಬಂದು ಎಷ್ಟೋ ವರ್ಷವಾಯಿತು, ಆದರೂ ಯಾರಾದರೂ ಬಿಯರ್ ಅಂದರೆ ಸಾಕು, "ನಾನು ಎಡಿನ್‌ಬರೋದಲ್ಲಿದ್ದಾಗ" ಅಂತ ಶುರು ಮಾಡುತ್ತೇನೆ. ಮನೆಯವರಿಗೆಲ್ಲ ಇದು ಬಾಯಿಪಾಠ ಆಗಿದೆ. ಆದರೆ ಏನು ಮಾಡಲಿ, ಅಲ್ಲಿ ಒಂದು ವಾಸನೆ ಇತ್ತು. ನಾನು ಬಾಡಿಗೆಗಿದ್ದ ಮನೆಯಿಂದ ಸ್ವಲ್ಪ ದೂರದಲ್ಲೇ ಕ್ಯಾಲೆಡೋನಿಯನ್ ಬ್ರೂವರಿ. 1869ರಲ್ಲಿ ಶುರುವಾದದ್ದು, 2022ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕುದಿಸುವ ದಿನ ಬೀದಿ ತುಂಬ ಮೊಳಕೆ ಧಾನ್ಯ ಬೇಯುವ ವಾಸನೆ ಬರುತ್ತಿತ್ತು. ಮೊದಲ ಸಲ ಅದು ಮೂಗಿಗೆ ಬಿದ್ದಾಗ ನನಗೆ ನೆನಪಾದದ್ದು ಬಿಯರ್ ಅಲ್ಲ. ಅಮ್ಮ ಬೆಳಿಗ್ಗೆ ಕಾಸುತ್ತಿದ್ದ ರಾಗಿ ಮಾಲ್ಟ್. ನಾವು ದಿನಾ ಕುಡಿಯುವ ಆ ಮಾಲ್ಟ್, ಇವರ ಬಿಯರಿನ ಮಾಲ್ಟ್, ಪದ ಒಂದೇ, ಕೆಲಸವೂ ಒಂದೇ ಅಂತ ಅವತ್ತಿನವರೆಗೂ ಹೊಳೆದಿರಲಿಲ್ಲ. ನಾವು ರಾಗಿ ನೆನೆಸಿ ಮೊಳಕೆ ಕಟ್ಟಿ ಒಣಗಿಸುತ್ತೇವೆ, ಅವರು ಜವೆಗೋಧಿಯನ್ನು. ಮೊಳಕೆ ಬಂದಾಗ ಕಾಳಿನೊಳಗೆ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ, ಬಿಸಿನೀರಿನಲ್ಲಿ ಅದು ಕೆಲಸ ಮುಗಿಸುತ್ತದೆ. ನಾವು ಅಲ್ಲಿಗೆ ನಿಲ್ಲಿಸಿ ಹಾಲು ಹಾಕಿ ಕುಡಿಯುತ್ತೇವೆ. ಅವರು ಆ ಸಿಹಿನೀರನ್ನು ಕುದಿಸಿ, ಕಹಿಗೆ ಹಾಪ್ಸ್ ಅನ್ನುವ ಹೂವು ಹಾಕಿ, ತಣಿಸಿ, ಯೀಸ್ಟಿಗೆ ಬಿಟ್ಟುಕೊಡುತ್ತಾರೆ.

ಸ್ಕಾಟಿಷ್ ಏಲ್‌ನ ಗುಣ ಏನು ಅಂದರೆ ಅದು ಕೂಗುವುದಿಲ್ಲ. ಐಪಿಎ ಅನ್ನುವ ಬಿಯರ್ ಥರ ಕಹಿ ಮುಂದೆ ಬರುವುದಿಲ್ಲ, ಗೋಧಿ ಬಿಯರ್ ಥರ ಬಾಳೆಹಣ್ಣಿನ ವಾಸನೆ ಎದ್ದು ಹೊಡೆಯುವುದಿಲ್ಲ. ಮಾಲ್ಟೇ ಎಲ್ಲ. ಸ್ವಲ್ಪ ಕ್ಯಾರಮೆಲ್, ಸ್ವಲ್ಪ ಸುಟ್ಟ ಬ್ರೆಡ್ಡಿನ ಅಂಚು, ಮೂಗಿಗೆ ಸಿಹಿ. ಆದರೆ ನುಂಗಿದ ಮೇಲೆ ಬಾಯಿ ಒಣಗಿದ ಹಾಗೆ ಇರಬೇಕು. ಈ ಕೊನೆಯದ್ದೇ ಕಷ್ಟ. ಸಿಹಿಯ ವಾಸನೆ ಕೊಟ್ಟು, ಸಿಹಿ ಕೊಡದೇ ಇರುವುದು.

ಅಲ್ಲಿ ಇದಕ್ಕೆ ಶಿಲ್ಲಿಂಗ್ ಲೆಕ್ಕದಲ್ಲಿ ಹೆಸರಿತ್ತು: 60 ಶಿಲ್ಲಿಂಗ್, 70 ಶಿಲ್ಲಿಂಗ್, 80 ಶಿಲ್ಲಿಂಗ್. 19ನೇ ಶತಮಾನದಲ್ಲಿ ಪೀಪಾಯಿಗೆ ಇದ್ದ ರೇಟು ಅದು. ಜಾಸ್ತಿ ಮಾಲ್ಟ್ ಹಾಕಿದ ಗಟ್ಟಿ ಬಿಯರಿಗೆ ಜಾಸ್ತಿ ರೇಟು, ಅಷ್ಟೇ. ಆಮೇಲೆ ರೇಟು ಎಲ್ಲೋ ಹೋಯಿತು, 1971ರಲ್ಲಿ ಬ್ರಿಟನ್ನಿನ ದುಡ್ಡಿನ ಲೆಕ್ಕವೇ ಬದಲಾಗಿ ಶಿಲ್ಲಿಂಗೂ ಹೋಯಿತು, ಹೆಸರು ಮಾತ್ರ ಉಳಿಯಿತು. ಇನ್ನೊಂದು ಸಾಲು ಹೆಸರಿದೆ, ಲೈಟ್, ಹೆವಿ, ಎಕ್ಸ್‌ಪೋರ್ಟ್ ಅಂತ. ಇಲ್ಲೊಂದು ತಮಾಷೆ. ಲೈಟ್ ಅಂದರೆ ತಿಳಿ ಬಣ್ಣ ಅಂದುಕೊಂಡು ಕೇಳಿದರೆ, ಹೆವಿಗಿಂತ ಕಪ್ಪಗಿರುವುದು ಬಂದು ಕೂರುವುದುಂಟು. ಲೈಟ್ ಅನ್ನುವುದು ಕಸುವಿನ ಮಾತು, ಬಣ್ಣದ್ದಲ್ಲ. ಬಿಯರ್ ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರು ಇಟ್ಟುಕೊಳ್ಳುವ ಬಿಜೆಸಿಪಿ ಕೈಪಿಡಿಯಲ್ಲಿ ಎಕ್ಸ್‌ಪೋರ್ಟಿಗೆ 3.9ರಿಂದ 6% ಆಲ್ಕೋಹಾಲ್ ಅಂತಿದೆ. ಹಾಗಾಗಿ ನಮ್ಮ ಬಾಟಲಿಯ 5.2% ಸರಿಯಾಗಿ ಆ ಮನೆಗೇ ಸೇರುತ್ತದೆ. ಅದಕ್ಕಿಂತ ಗಟ್ಟಿಯಾದ, 6.5ರಿಂದ 10% ತನಕ ಹೋಗುವ ವೀ ಹೆವಿ ಅಂತ ಒಬ್ಬ ದೊಡ್ಡಣ್ಣನಿದ್ದಾನೆ, ಅವನ ಕಥೆ ಬೇರೆ.

ಈಗ ಬಾವಿಕಟ್ಟೆ. ಈ ಬಿಯರನ್ನು ಫ್ರಿಜ್ಜಿನಿಂದ ತೆಗೆದು ಹಲ್ಲು ಜುಮ್ಮೆನ್ನುವ ಹಾಗೆ ಕುಡಿದರೆ ಏನೂ ಸಿಗುವುದಿಲ್ಲ. 10ರಿಂದ 13 ಡಿಗ್ರಿ ಇದ್ದರೆ ಚೆನ್ನ. ಬೆಂಗಳೂರಲ್ಲಿ ಇದಕ್ಕೆ ಪಬ್ಬಿನವರ ಜೊತೆ ವಾದ ಮಾಡಬೇಕು. ಗ್ಲಾಸು ತಣ್ಣಗಿಲ್ಲ ಅಂತ ಗಿರಾಕಿಗಳು ಬೈಯುತ್ತಾರೆ ಸಾರ್ ಅನ್ನುತ್ತಾರೆ. ನಮ್ಮ ಊರಿನ ಜನವರಿ ರಾತ್ರಿಯಲ್ಲಿ ಬಾವಿಕಟ್ಟೆ ಕಲ್ಲಿನ ಮೇಲೆ ಊಟ ಮುಗಿಯುವ ತನಕ ಇಟ್ಟರೆ ಸಾಕು. ಊಟ ಆದಮೇಲೆ ನಾನು, ಭಾವ ಎರಡು ಗಾಜಿನ ಲೋಟ ತಗೊಂಡು ಅಲ್ಲೇ ಕೂತೆವು.

ಮುಚ್ಚಳ ತೆಗೆದಾಗ ಉಸ್ಸೆಂದು ಸದ್ದು ಬಂತು, ಆದರೆ ಸಣ್ಣದು. ಆರೇಳು ಗಂಟೆ ಕಾರಿನಲ್ಲಿ ಕುಲುಕಿ ಬಂದ ಬಿಯರ್ ಅದು, ಗ್ಯಾಸು ಒಂದಿಷ್ಟು ಹೋಗಿಯೇ ಇರುತ್ತದೆ. ಈ ತಪ್ಪನ್ನು ಪಬ್ಬಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಅದೂ ಅಲ್ಲದೆ ಸ್ಕಾಟ್ಲೆಂಡಿನಲ್ಲಿ ಕೈಪಂಪಿನಿಂದ ಎಳೆದು ಕೊಡುವ ಏಲ್‌ನಲ್ಲಿ ಗ್ಯಾಸು ಕಡಿಮೆಯೇ. ಗ್ಯಾಸು ಜಾಸ್ತಿ ಬೇಕಾದ ಲಾಗರ್ ಬಿಯರ್ ಆಗಿದ್ದರೆ ಸತ್ತೇಹೋಗಿರುತ್ತಿತ್ತು, ಇದು ಬದುಕಿತ್ತು. ಟಾರ್ಚಿಗೆ ಹಿಡಿದರೆ ಬಣ್ಣ ಚೆನ್ನಾಗಿತ್ತು, ಕೆಂಪಡಿಕೆ ಒಣಗಿದ ಮೇಲೆ ಬರುತ್ತದಲ್ಲ, ಆ ಬಣ್ಣ. ತಿಳಿಯಾಗಿಯೂ ಇತ್ತು. ನೊರೆ ಮಾತ್ರ ಬೇಗ ಇಳಿಯಿತು.

ಮೂಗು ಮೊದಲು. ಬಾಯಿಗೆ ಹಾಕುವ ಮೊದಲೇ ಮೂಸಬೇಕು, ಯಾಕಂದರೆ ವಾಸನೆ ಹಾರಿಹೋಗುವ ಸಾಮಾನು. ಕಾಫಿ ಲೋಟದ ಬಾಯಿ ಅಗಲ, ಅದಕ್ಕೆ ಅಂಗೈ ಮುಚ್ಚಿ ಒಂದು ಸುತ್ತು ತಿರುಗಿಸಿ ಮೂಸಿದೆ. ಕ್ಯಾರಮೆಲ್. ಧಾರಾಳವಾಗಿ ಕ್ಯಾರಮೆಲ್. ಅದರ ಹಿಂದೆ ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಾಸನೆ ಸಣ್ಣಗೆ. ಈ ಬೆಣ್ಣೆ ವಾಸನೆ ಡೈಅಸಿಟೈಲ್ ಅನ್ನುವ ವಸ್ತುವಿನದು. ಯೀಸ್ಟೇ ಅದನ್ನು ಹುಟ್ಟಿಸುತ್ತದೆ, ಸಮಯ ಕೊಟ್ಟರೆ ಯೀಸ್ಟೇ ತಿಂದು ಮುಗಿಸುತ್ತದೆ. ಅವಸರದಲ್ಲಿ ತಣ್ಣಗೆ ಮಾಡಿ ಯೀಸ್ಟನ್ನು ಮಲಗಿಸಿಬಿಟ್ಟರೆ ಉಳಿದುಹೋಗುತ್ತದೆ. ಗೊತ್ತಾಗಬೇಕಾದರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮತ್ತೆ ಮೂಸಬೇಕು. ಮಾಡಿದೆ. ಇತ್ತು, ಆದರೆ ತೀರಾ ಜಾಸ್ತಿ ಅಲ್ಲ. ಮತ್ತೂ ಹಿಂದೆ ಇನ್ನೇನೋ ಒಂದು, ಕಪ್ಪಗಿನದು. ಬಣ್ಣಕ್ಕೆ ಅಂತ ಒಂದು ಹಿಡಿ ಹುರಿದ ಜವೆಗೋಧಿ ಹಾಕಿರಬೇಕು ಅಂದುಕೊಂಡೆ. ಹಾಗೆ ಹಾಕುವುದುಂಟು.

ಬಾಯಲ್ಲಿ ಮೊದಲು ಸಿಹಿ, ಮಧ್ಯದಲ್ಲಿ ಬ್ರೆಡ್ಡು, ಕೊನೆಯಲ್ಲಿ ಕಹಿ ಕಡಿಮೆ. ಹಾಪ್ಸ್ ಕಡಿಮೆ ಯಾಕೆ ಅನ್ನುವುದಕ್ಕೆ ಒಂದು ಹಳೇ ಕಥೆ ಓಡಾಡುತ್ತದೆ: ಸ್ಕಾಟ್ಲೆಂಡಿನ ಚಳಿಯಲ್ಲಿ ಹಾಪ್ಸ್ ಬೆಳೆಯುವುದಿಲ್ಲ, ಇಂಗ್ಲೆಂಡಿನವರಿಗೆ ದುಡ್ಡು ಕೊಡಲು ಇವರಿಗೆ ಮನಸ್ಸಿಲ್ಲ, ಹಾಗಾಗಿ ಹಾಕಲಿಲ್ಲ ಅಂತ. ನಾನೂ ಇದನ್ನು ನಾಲ್ಕು ಜನರ ಮುಂದೆ ಹೇಳಿ ಜಾಣ ಅನ್ನಿಸಿಕೊಂಡವನೇ. ಆಮೇಲೆ ಗೊತ್ತಾಯಿತು, 19ನೇ ಶತಮಾನದ ಎಡಿನ್‌ಬರೋ ಬ್ರೂವರಿಗಳು ಕಹಿ ಪೇಲ್ ಏಲ್ ಮಾಡಿ ಹಡಗು ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದವು. ನಮ್ಮ ಇಂಡಿಯಾಕ್ಕೂ ಬಂದಿದೆ. ಹಾಪ್ಸ್ ಬೆಳೆಯದಿದ್ದರೆ ತರಿಸಿಕೊಳ್ಳುತ್ತಿದ್ದರು, ಅಷ್ಟೇ. ಶಿವಮೊಗ್ಗದಲ್ಲಿ ಗೋಧಿ ಬೆಳೆಯುವುದಿಲ್ಲ ಅಂತ ನಾವು ಚಪಾತಿ ಬಿಟ್ಟಿದ್ದೇವಾ?

ನುಂಗಿದ ಮೇಲೆ ನಾಲಿಗೆಯ ಬದಿಯಲ್ಲಿ ಒಂದು ಹಿಡಿತ ಇತ್ತು. ಇದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಪದ ಇದೆ, ನಮಗೆ ಅದು ಬೇಕಾಗಿಲ್ಲ. ಒಗರು. ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿದವರಿಗೆ ಒಗರಿನಲ್ಲಿ ಮೇಲು ಕೀಳು ಯಾರೂ ಹೇಳಿಕೊಡಬೇಕಿಲ್ಲ. ಹಂಡೆಯಲ್ಲಿ ಅಡಿಕೆ ಬೆಂದು ಬೆಂದು ನೀರು ಚೊಗರಾಗುತ್ತದಲ್ಲ, ಚಿಕ್ಕಂದಿನಲ್ಲಿ ಬೆರಳದ್ದಿ ನೆಕ್ಕಿ ಅರ್ಧ ದಿನ ಬಾಯಿ ಮುದುಡಿಕೊಂಡು ಕೂತಿದ್ದೆ. ಮಾಲ್ಟಿನ ಸಿಪ್ಪೆಯಲ್ಲೂ ಆ ಜಾತಿಯದೇ ಒಗರಿದೆ, ಧಾನ್ಯವನ್ನು ಜಾಸ್ತಿ ಬಿಸಿನೀರಲ್ಲಿ ಜಾಸ್ತಿ ಹೊತ್ತು ತೊಳೆದರೆ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ಸ್ವಲ್ಪವೇ ಇತ್ತು. ಅಷ್ಟಿದ್ದದ್ದು ಒಳ್ಳೆಯದೇ ಆಯಿತು, ಸಿಹಿಗೆ ಲಗಾಮು ಹಾಕಿತ್ತು.

ಬಿಜೆಸಿಪಿ ಲೆಕ್ಕದಲ್ಲಿ ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಗೆ, ಅಂದರೆ ದಪ್ಪ ತೆಳುವಿಗೆ, 5, ಒಟ್ಟಾರೆ ಅನ್ನಿಸಿದ್ದಕ್ಕೆ 10. ನಾನು ಮೊಬೈಲಿನಲ್ಲಿ 38 ಅಂತ ಬರೆದುಕೊಂಡೆ. ಭಾವ 45 ಕೊಡು ಅಂದ. ಅವನು ಹೊತ್ತು ತಂದವನು, ಅವನ ಮಾತು ಲೆಕ್ಕಕ್ಕಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ನಮ್ಮ ಆಲೆಮನೆ ನಡೆಯುತ್ತಿತ್ತು. ದೊಡ್ಡಪ್ಪ ಅಲ್ಲೇ ಇದ್ದರು, ರಾತ್ರಿಯ ಎರಡನೇ ಅಡಿಗೆ ಒಲೆಯ ಮೇಲಿತ್ತು. ನಾವು ಲೋಟ ಹಿಡಿದುಕೊಂಡೇ ಗದ್ದೆ ಅಂಚಿನಲ್ಲಿ ನಡೆದು ಅಲ್ಲಿಗೆ ಹೋದೆವು. ರುಚಿ ನೋಡುವವರು ಹೀಗೆ ಮಾಡಲೇಬಾರದು. ಊದುಬತ್ತಿ, ಸೆಂಟು, ಅಡುಗೆ ಹೊಗೆ ಯಾವುದೂ ಹತ್ತಿರ ಇರಬಾರದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆಲೆಮನೆಗೆ ಹೋಗಬೇಡಿ ಅಂತ ಮಾತ್ರ ಯಾರೂ ಬರೆದಿಲ್ಲ.

ಆಲೆಮನೆ ನೋಡದವರಿಗೆ ಎರಡು ಮಾತು. ಗಾಣದಿಂದ ಬಂದ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು, ಕಬ್ಬಿನ ಸಿಪ್ಪೆಯದೇ ಬೆಂಕಿ ಕೊಟ್ಟು ಗಂಟೆಗಟ್ಟಲೆ ಕುದಿಸುತ್ತಾರೆ. ಒಂದಿಷ್ಟು ಸುಣ್ಣ ಹಾಕುತ್ತಾರೆ, ಮೇಲೆ ಬಂದ ಕೊಳೆ ನೊರೆಯನ್ನು ತೆಗೆಯುತ್ತಲೇ ಇರಬೇಕು. ಮೊದಲು ಕೆಸರಿನ ಬಣ್ಣದ ನೊರೆ, ಆಮೇಲೆ ಬಿಳಿ, ಆಮೇಲೆ ಹೊನ್ನಿನ ಬಣ್ಣದ ದಪ್ಪ ಗುಳ್ಳೆ. ಜೋನಿ ಬೆಲ್ಲ ಬೇಕಾದರೆ ಬೇಗ ಇಳಿಸಬೇಕು, ಅಚ್ಚಿನ ಬೆಲ್ಲಕ್ಕೆ ಇನ್ನೂ ಬಿಡಬೇಕು. ಒಂದು ನಿಮಿಷ ಮೈಮರೆತರೆ ತಳ ಹಿಡಿಯುತ್ತದೆ, ಇಡೀ ಕೊಪ್ಪರಿಗೆ ಹಾಳು. ದೊಡ್ಡಪ್ಪ ನಲವತ್ತು ವರ್ಷದಿಂದ ಪಾಕ ನೋಡುತ್ತಿದ್ದಾರೆ. ಥರ್ಮಾಮೀಟರ್ ಇಲ್ಲ. ನೀರಿನ ಬಟ್ಟಲಿಗೆ ಒಂದು ಹನಿ ಬಿಡುತ್ತಾರೆ, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಆದರೆ ಅದಕ್ಕೂ ಮೊದಲು ಅವರ ಮೂಗಿಗೆ ಗೊತ್ತಾಗಿರುತ್ತದೆ.

"ಎಂತದೋ ಅದು?" ಅಂದರು ಲೋಟ ನೋಡಿ. ಭಾವ ಒಂದು ಹೆಜ್ಜೆ ಹಿಂದೆ ಸರಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಇದರಲ್ಲೂ ಪಾಕದ ವಾಸನೆ ಇದೆ ದೊಡ್ಡಪ್ಪ, ಮೂಸಿ ನೋಡಿ ಅಂದೆ. ಅವರು ಕುಡಿಯುವವರಲ್ಲ. "ಕುಡಿಯೋದು ನಿಮ್ಮ ಹಣೆಬರಹ, ಮೂಸೋಕೆ ನಂಗೆಂತ" ಅಂದು ಲೋಟ ತಗೊಂಡರು. ಮೂಸಿದರು. ಹುಬ್ಬು ಗಂಟಾಯಿತು. ಮತ್ತೆ ಮೂಸಿದರು.

"ತಳ ಹಿಡ್ದಿದೆ ಮಾರಾಯ ಇದು."

ನಾನು ನಕ್ಕೆ. ಹುರಿದ ಜವೆಗೋಧಿ ದೊಡ್ಡಪ್ಪ, ಬಣ್ಣಕ್ಕೆ ಹಾಕಿರ್ತಾರೆ ಅಂದೆ. "ಹುರಿದದ್ದು ಬೇರೆ, ಸೀದದ್ದು ಬೇರೆ. ಪಾಕದ ವಾಸನೆ ಎಲ್ಲಿದೆ ಇದ್ರಲ್ಲಿ? ಬರೀ ಹೊಗೆ" ಅಂದು ಲೋಟ ವಾಪಸ್ ಕೊಟ್ಟು ಕೊಪ್ಪರಿಗೆಗೆ ತಿರುಗಿದರು.

ಲೋಟ ಮೂಗಿಗೆ ಹಿಡಿದೆ. ನಿಜ. ಹತ್ತು ನಿಮಿಷದ ಹಿಂದೆ ಧಾರಾಳವಾಗಿದ್ದ ಕ್ಯಾರಮೆಲ್ ಪೂರ್ತಿ ಮಾಯ. ಉಳಿದದ್ದು ಕಪ್ಪು ಹೊಗೆ, ಸ್ವಲ್ಪ ಡಾಂಬರಿನಂಥದು, ಸ್ವಲ್ಪ ಆಸ್ಪತ್ರೆ ಔಷಧಿಯಂಥದು. ಒಂದು ಕ್ಷಣ ಲೋಟ ಬದಲಾಯಿತಾ ಅನ್ನಿಸಿತು.

ಆಮೇಲೆ ಅರ್ಥವಾಯಿತು. ಮೂಗು ಒಂದೇ ವಾಸನೆಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಅದನ್ನು ಹೇಳುವುದನ್ನೇ ನಿಲ್ಲಿಸುತ್ತದೆ. ಮೀನು ಮಾರ್ಕೆಟ್ಟಿನವರಿಗೆ ಮೀನು ವಾಸನೆ ಬರುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಆಲೆಮನೆಯ ಒಳಗೆ ಗಾಳಿಯೆಲ್ಲ ಕಾದ ಸಕ್ಕರೆ. ಆ ಸಿಹಿಗೆ ಮೂಗು ಮರಗಟ್ಟಿದ ಮೇಲೆ ಬಿಯರಿನ ಕ್ಯಾರಮೆಲ್ ಕಾಣುವುದಿಲ್ಲ, ಅದರ ಹಿಂದೆ ಅಡಗಿ ಕೂತಿದ್ದದ್ದು ಒಂಟಿಯಾಗಿ ಎದುರಿಗೆ ನಿಲ್ಲುತ್ತದೆ. ಬಾವಿಕಟ್ಟೆ ಮೇಲೆ ನಾನು ಸಿಹಿಗೆ ಮರುಳಾಗಿ ಅಂಕ ಕೊಟ್ಟಿದ್ದೆ. ಬೆಲ್ಲದ ಮನೆಯಲ್ಲಿ ಸಿಹಿಗೆ ಬೆಲೆಯೇ ಇಲ್ಲ, ಹಾಗಾಗಿ ದೊಡ್ಡಪ್ಪನಿಗೆ ಉಳಿದದ್ದಷ್ಟೇ ಸಿಕ್ಕಿತು. ರುಚಿ ನೋಡುವವರು ಶಾಂತವಾದ, ವಾಸನೆಯಿಲ್ಲದ ಕೋಣೆ ಹುಡುಕುವುದು ಸರಿಯೇ. ಆದರೆ ಮಾಲ್ಟಿನ ಬಿಯರಿಗೆ ಒಂದು ಸಲ ಆಲೆಮನೆಯೂ ಬೇಕು ಅಂತ ನನಗೆ ಈಗ ಅನ್ನಿಸುತ್ತದೆ. ಬಟ್ಟೆ ಅಂಗಡಿಯಲ್ಲಿ ಸೀರೆಯನ್ನು ಹೊರಗೆ ಬಿಸಿಲಿಗೆ ತಂದು ನೋಡುತ್ತಾರಲ್ಲ, ಹಾಗೆ.

ಬೆಳಿಗ್ಗೆ ಭಾವ ಆ ಹುಡುಗನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿ ಜಗಲಿಯಲ್ಲಿಟ್ಟ, ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಕುದಿಸುವಾಗ ತಳ ಹಿಡಿಯಿತಾ ಅಂತ ಕೇಳಿದೆ. ಇಲ್ಲ ಅಣ್ಣ, ಖಂಡಿತ ಇಲ್ಲ, ನಮ್ಮದು ಹಬೆಯಲ್ಲಿ ಕಾಯುವ ಸ್ಟೀಮ್ ಕೆಟಲ್ ಅಂದ. ಮತ್ತೆ ಈ ಹೊಗೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೀಟ್ ಮಾಲ್ಟ್ ಸ್ವಲ್ಪ ಹಾಕಿದೀನಿ ಅಣ್ಣ. ಸ್ಕಾಟ್ಲೆಂಡ್ ಅಂದ್ಮೇಲೆ ಹೊಗೆ ಇಲ್ದಿದ್ರೆ ಗಿರಾಕಿಗಳು ಒಪ್ಪಲ್ಲ" ಅಂದ.

ಪೀಟ್ ಅಂದರೆ ಜವುಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಗಿಡಗೆಂಟೆಯ ಪದರ. ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಐಲಾ ದ್ವೀಪದ ಲಫ್ರೋಯ್ಗ್, ಆರ್ಡ್‌ಬೆಗ್ ಥರದ ವಿಸ್ಕಿಗಳಿಗೆ ಮಾಲ್ಟ್ ಒಣಗಿಸುವುದು ಅದರ ಹೊಗೆಯಲ್ಲಿ. ಆ ಹೊಗೆಯ ವಿಸ್ಕಿಯನ್ನು ನೋಡಿ ಇಡೀ ಸ್ಕಾಟ್ಲೆಂಡೇ ಹೊಗೆಯಾಡುತ್ತದೆ ಅಂತ ಹೊರಗಿನವರು ಅಂದುಕೊಂಡರು, ಬಿಯರಿಗೂ ಹಾಕಿದರು. ಅಲ್ಲಿನ ಏಲ್‌ಗೆ ಅದು ಸೇರಿದ್ದಲ್ಲ. ಬಿಜೆಸಿಪಿ ಕೈಪಿಡಿಯೂ ಈ ಬಿಯರಿಗೆ ಪೀಟ್ ಹೊಗೆ ಸಲ್ಲದು ಅಂತ ನೇರವಾಗಿಯೇ ಹೇಳುತ್ತದೆ. ನಾನು ಎಂಟು ತಿಂಗಳಲ್ಲಿ ಕುಡಿದ ಒಂದು 80 ಶಿಲ್ಲಿಂಗ್‌ನಲ್ಲೂ ಹೊಗೆ ಇರಲಿಲ್ಲ. ಮಲೆನಾಡು ಅಂತ ಹೋಟೆಲಿನ ಬೋರ್ಡು ಹಾಕಿ ಎಲ್ಲದಕ್ಕೂ ಅಪ್ಪೆಮಿಡಿ ಉಪ್ಪಿನಕಾಯಿ ಕಲಸಿ ಕೊಟ್ಟರೆ ನಮಗೆ ಹೇಗಾಗುತ್ತದೆ, ಹಾಗೇ ಇದು.

ನನ್ನ ಬುಡಕ್ಕೂ ಸ್ವಲ್ಪ ನೀರು ಬಂತು ಅನ್ನಿ. ನಾನು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದದ್ದು, ಸ್ಕಾಟಿಷ್ ಏಲ್‌ನ ಕ್ಯಾರಮೆಲ್ ಬರುವುದು ಮಾಲ್ಟಿನ ನೀರನ್ನು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿದ್ದರಿಂದ, ನಮ್ಮ ಆಲೆಮನೆಯ ಹಾಗೇ ಅಂತ. ಕೇಳಲು ಚೆಂದ. ಮನೆಯಲ್ಲಿ ಬಿಯರ್ ಮಾಡುವವರು ಮೊದಲ ಸಿಹಿನೀರನ್ನು ಬತ್ತಿಸಿ ಹಾಗೆ ಮಾಡುತ್ತಾರೆ ಕೂಡ. ಆದರೆ ಹಳೇ ಬ್ರೂವರಿಗಳು ಹೆಚ್ಚಾಗಿ ಬಣ್ಣಕ್ಕೆ ಸುಮ್ನೆ ಕ್ಯಾರಮೆಲ್ ಹಾಕುತ್ತಿದ್ದವು, ಸಕ್ಕರೆಯನ್ನೂ ಹಾಕುತ್ತಿದ್ದವು. ಬ್ರಿಟನ್ನಿನಲ್ಲಿ 1847ರಿಂದಲೇ ಬಿಯರಿಗೆ ಸಕ್ಕರೆ ಹಾಕಲು ಕಾನೂನಿನ ಒಪ್ಪಿಗೆ ಇತ್ತು. ಸಕ್ಕರೆಯನ್ನು ಯೀಸ್ಟು ಪೂರ್ತಿ ತಿಂದುಬಿಡುತ್ತದೆ, ಬಿಯರಿನ ಮೈ ಹಗುರವಾಗುತ್ತದೆ. ಬಾಯಿ ಒಣಗಿಸುವ ಆ ಕೊನೆಗೆ ಅದೂ ಒಂದು ಕಾರಣ. ಅಂದರೆ ನಾನೂ ನನ್ನ ಊರಿನ ಹೊಗೆಯನ್ನು ಅವರ ಬಿಯರಿಗೆ ಹಾಕಿದವನೇ, ಆ ಹುಡುಗನನ್ನು ಒಬ್ಬನನ್ನೇ ಬೈದು ಏನು ಪ್ರಯೋಜನ?

ಪೀಟ್ ವಿಷಯ ದೊಡ್ಡಪ್ಪನಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಅಂದ್ರೆ ಬೇಕಂತ್ಲೇ ತಳ ಹಿಡಿಸಿದ್ದಾನೆ" ಅಂದರು. ಫೋನಿನ ಆ ಕಡೆ ಹುಡುಗ ಜೋರಾಗಿ ನಕ್ಕ.

ಅಂಕ ತಿದ್ದಿದೆ. ವಾಸನೆ 6, ನೋಟ 2, ರುಚಿ 12, ಮೈ 4, ಒಟ್ಟಾರೆ 6. ಕೂಡಿದರೆ 30. ಕೆಟ್ಟ ಬಿಯರ್ ಅಲ್ಲ ಅದು. ಹೊಗೆ ತೆಗೆದು, ಯೀಸ್ಟಿಗೆ ಇನ್ನೆರಡು ದಿನ ಬಿಟ್ಟು ಬೆಣ್ಣೆ ವಾಸನೆ ಕಳೆದುಕೊಂಡರೆ ಇದೇ ಬಿಯರಿಗೆ 40 ಕೊಡುತ್ತೇನೆ ಅಂತ ಹುಡುಗನಿಗೆ ಮೆಸೇಜು ಹಾಕಿದೆ. ಮುಂದಿನ ಸಲ ಹೊಗೆ ಇಲ್ಲದ ಒಂದು ಸಣ್ಣ ಅಡಿಗೆ ಮಾಡ್ತೀನಿ ಅಣ್ಣ, ಮಾರಾಟ ಆಗದಿದ್ರೆ ನೀವೇ ಕುಡೀಬೇಕು ಅಂತ ಉತ್ತರ ಬಂತು.

ಮಧ್ಯಾಹ್ನ ಭಾವ ಹೊರಟಾಗ ಬಾಟಲಿ ಖಾಲಿಯಾಗಿತ್ತು. ಆ ಹುಡುಗನಿಗೆ ಒಂದಿಷ್ಟು ಜೋನಿ ಬೆಲ್ಲ ಕಳಿಸೋಣ ಅಂತ ಹೊಳೆದದ್ದು ದೊಡ್ಡಮ್ಮನಿಗೆ. ಬಾವಿಕಟ್ಟೆಯ ಮೇಲೆ ಬಾಟಲಿಯನ್ನು ಒಂದು ಸಲ ಅಲುಗಿಸಿ ತೊಳೆದು ಒಳಗೆ ತರುತ್ತಿದ್ದೆ. ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು.

"ಹಂಡೆಯ ಕುದಿನೀರಲ್ಲಿ ಮೂರು ಸಲ ತೊಳಿ. ಆಮೇಲೆ ಬಿಸಿಲಿಗೆ ಬೋರಲು ಹಾಕು. ಅದ್ರೊಳಗೆ ಇರೋದು ಬೆಲ್ಲಕ್ಕೆ ಹತ್ತಿದ್ರೆ ತುಮಕೂರು ದಾಟೋದ್ರೊಳಗೆ ಹುಳಿ ಬಂದು ಮುಚ್ಚಳ ಹಾರುತ್ತೆ."